ಬೈರಮ್ಮನ ದೀಕ್ಷಾಸ್ನಾನ

ದೊಡ್ಡನೆಕ್ಕುಂದಿಯ ಬೈರಮ್ಮ ಕೆರೆಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದದ್ದು 1981ರಲ್ಲಿ. ಗಂಡ ತೀರಿಕೊಂಡ ಮೇಲೆ ಬಲ್ಬಿನ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಜೊತೆಯವಳೊಬ್ಬಳು ಪ್ರಾರ್ಥನೆಗೆ ಕರೆದೊಯ್ದಿದ್ದಳು. ಸುದ್ದಿ ಕೇಳಿದ ಮೈದುನ ಲಕ್ಷ್ಮಯ್ಯ ಅವಳ ಒಲೆಯನ್ನು ಒದ್ದು ಕೆಡವಿದ.

ಅವನ ಹೆಂಡತಿ ಕೃಷ್ಣಮ್ಮನ ಸಿಟ್ಟು ಇನ್ನೂ ಹಳೆಯದು. ಆರು ವರ್ಷದ ಹಿಂದೆ ಹಾಲಿನ ಜಗಳದಲ್ಲಿ ಬೈರಮ್ಮ, "ನಿನ್ ಮಡ್ಲು ಬರಿದಾಗ" ಎಂದು ಮಣ್ಣು ತೂರಿದ್ದಳು. ತಿಂಗಳೊಳಗೆ ಕೃಷ್ಣಮ್ಮನ ಕೂಸು ಜ್ವರಕ್ಕೆ ಹೋಯಿತು. ಕೃಷ್ಣಮ್ಮ ಪಂಚಾಯಿತಿ ಸೇರಿಸಿದಾಗ ಬೈರಮ್ಮ, "ನಾನಂಗಂದಿಲ್ಲ, ದೇವರಾಣೆ" ಎಂದುಬಿಟ್ಟಳು. ಊರು ಅವಳನ್ನೇ ನಂಬಿತು. ಮಗುವನ್ನು ಕಳೆದುಕೊಂಡವಳಿಗೆ ಸುಳ್ಳಿ ಎಂಬ ಹೆಸರೂ ಅಂಟಿತು.

ನೀರಿನಿಂದ ಎದ್ದಾಗ ಎಲ್ಲ ತೊಳೆದುಹೋಯಿತೆಂದು ಬೈರಮ್ಮನಿಗೆ ಅನಿಸಿತ್ತು. ಒದ್ದೆ ಸೀರೆಯಲ್ಲೇ ಮನೆಗೆ ಬಂದರೆ ಕೃಷ್ಣಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮುಳುಗಿದ್ರೆ ಪಾಪ ಓಯ್ತದಂತಲ್ಲ! ನನ್ ಮಗೀನೂ ಅಲ್ಲೇ ಮುಳುಗ್ಸಿ ಬಂದ್ಯೇನೇ?"

ಆ ಮಾತು ಬೈರಮ್ಮನ ಎದೆಗೆ ನಾಟಿತು. ಭಾನುವಾರ ಸಭೆಯ ಪಾದ್ರಿ ಅಯ್ಯನವರಿಗೆ ಎಲ್ಲವನ್ನೂ ಹೇಳಿ, "ಏನೂ ಓಗಿಲ್ಲ ಅಯ್ಯನೋರೇ, ಇನ್ನೊಂದ್ಸಲ ಮುಳುಗ್ಸಿ" ಎಂದು ಬೇಡಿದಳು.

"ದೀಕ್ಷಾಸ್ನಾನ ಒಂದೇ ಸಲ ಕಣಮ್ಮ. ಹಳೇ ಬೈರಮ್ಮ ನೀರಲ್ಲೇ ಸತ್ತಳು ಅಂತ ಅದರರ್ಥ. ಸತ್ತವಳ ಸುಳ್ಳನ್ನ ನೀವ್ಯಾಕೆ ಇನ್ನೂ ಕಾಯ್ತಿದ್ದೀರಿ?"

ಅವಳಿಗೆ ಮೈಯೆಲ್ಲ ಉರಿಯಿತು. ಸಮಾಧಾನ ಹೇಳುತ್ತಾರೆಂದು ಹೋದರೆ ಸುಳ್ಳು ಒಪ್ಪಿಕೊಂಡು ಊರ ಮುಂದೆ ನಿಲ್ಲು ಎನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಅಯ್ಯನವರನ್ನು ಬೈದುಕೊಂಡೇ ನಡೆದಳು.

ಮೂರನೆಯ ದಿನ ಬೋರ್‌ವೆಲ್ ಪಂಪಿನ ಬಳಿ ಕೃಷ್ಣಮ್ಮ, "ಜಾತಿ ಕೆಟ್ಟೋಳು ಇಲ್ಲಿ ನೀರಿಡ್ಕೋಬಾರ್ದು" ಎಂದು ಅವಳ ಬಿಂದಿಗೆಯನ್ನು ಒದ್ದಳು. ಹೆಂಗಸರು ನಕ್ಕರು. ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಬೈರಮ್ಮ ನುಂಗಿಕೊಂಡಳು.

"ಆವತ್ತು ಶಾಪ ಆಕಿದ್ದು ನಾನೇ. ಕೃಷ್ಣಿ ಯೋಳಿದ್ದು ನಿಜ. ದೇವರಾಣೆ ಇಟ್ಟು ಸುಳ್ಳಾಡ್ದೋಳು ನಾನು. ನನ್ ತಪ್ಪು ಕಣ್ರವ್ವಾ."

ಪಂಪು ಹೊಡೆಯುತ್ತಿದ್ದವಳ ಕೈ ನಿಂತಿತು. ಕೃಷ್ಣಮ್ಮ ಅವಳ ಜುಟ್ಟು ಹಿಡಿದು ಕೆಸರಿಗೆ ಕೆಡವಿ, ತನ್ನ ಬಳೆ ಒಡೆಯುವವರೆಗೂ ಬಡಿದಳು. ಬೈರಮ್ಮ ಕೈ ಎತ್ತಲಿಲ್ಲ.

ಅಂದಿನಿಂದ ಊರಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಎರಡು ತಿಂಗಳಲ್ಲಿ ಅವಳು ವೈಟ್‌ಫೀಲ್ಡಿನಲ್ಲೊಂದು ಕೋಣೆ ಹಿಡಿದಳು. ಟ್ರಂಕು ಹೊತ್ತು ಹೊರಡುವಾಗ, ಒಮ್ಮೆ ಕೃಷ್ಣಮ್ಮನನ್ನು ಸುಳ್ಳಿ ಎಂದು ಆಡಿಕೊಂಡಿದ್ದ ಹೆಂಗಸರು ಅವಳ ಜಗಲಿಯಲ್ಲೇ ಅವಳ ಕೈ ಹಿಡಿದು ಕುಳಿತಿದ್ದರು.

"ಬತ್ತೀನಿ ಕೃಷ್ಣಿ" ಎಂದಳು ಬೈರಮ್ಮ. ಕೃಷ್ಣಮ್ಮ ಇತ್ತ ತಿರುಗಲಿಲ್ಲ. ಬೈರಮ್ಮ ಕಾಯಲೂ ಇಲ್ಲ, ಬಸ್ಸಿಗೆ ಹೊತ್ತಾಗಿತ್ತು.