ತೊಳೆದು ಬಂದ ಕಸ

ತೊಂಬತ್ತರ ದಶಕದ ಕೊನೆಗೆ ಕಿರವತ್ತಿಯ ಹೆದ್ದಾರಿ ಪಕ್ಕ ಪ್ಲಾಸ್ಟಿಕ್ ಸಾಹುಕಾರರದೊಂದು ತಗಡಿನ ಶೆಡ್ಡಿತ್ತು. ಬಂದರಿನಿಂದ ಬರುವ ಲಾರಿಗಳು ಪರದೇಶದ ಪ್ಲಾಸ್ಟಿಕ್ ಕಸವನ್ನು ಅಲ್ಲಿ ಇಳಿಸುತ್ತಿದ್ದವು. ಸಾಹುಕಾರರು ಅದನ್ನು ಕರಗಿಸಿ ಕೊಡ ಮಾಡುವವರಿಗೆ ಮಾರುತ್ತಿದ್ದರು. ಊರಿನ ಗುಜರಿ ತಂದವರನ್ನು ಮಾತ್ರ ಬಾಗಿಲಲ್ಲೇ ಬೇಡವೆಂದು ಕೈಬೀಸಿ ಕಳಿಸುತ್ತಿದ್ದರು. "ನಮ್ಮದೆಲ್ಲಾ ಫಾರಿನ್ ಮಾಲು ರೀ" ಎನ್ನುವಾಗ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ನಾನು ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರಾಗಿದ್ದೆ. ಒಂದು ಬೆಳಿಗ್ಗೆ ಸಾಹುಕಾರರು ನನಗೆ ಹೇಳಿಕಳಿಸಿದರು. ಸೈಕಲ್ಲಿನಲ್ಲಿ ದೇಶ ಸುತ್ತುತ್ತಿದ್ದ ಪರದೇಶದ ಹೆಂಗಸೊಬ್ಬಳು ಶೆಡ್ಡಿನೆದುರು, ಕಸದ ರಾಶಿಯಿಂದ ಎತ್ತಿಕೊಂಡ ಖಾಲಿ ಮೊಸರಿನ ಡಬ್ಬಿ ಹಿಡಿದು ನಿಂತಿದ್ದಳು. ಅದು ಅವಳ ಊರಿನ ಡೇರಿಯದೇ ಅಂತೆ.

"ನಾವು ಇದನ್ನು ತೊಳೆದು, ಬೇರೆ ಬೇರೆ ಮಾಡಿ ಮರುಬಳಕೆಗೆ ಕೊಡುತ್ತೇವೆ, ಪರಿಸರ ಉಳಿಯಲಿ ಅಂತ" ಎಂದಳು. ನಾನು ಕನ್ನಡದಲ್ಲಿ ಹೇಳಿದೆ.

"ಅದಕ್ಕ ಇಷ್ಟು ಸ್ವಚ್ಛ ಇರತೈತಿ ನೋಡ್ರಿ ಅಕ್ಕೋರೆ!" ಸಾಹುಕಾರರಿಗೆ ಸಂತೋಷವಾಯಿತು.

ಕರಗದೆ ಉಳಿದದ್ದು ಎಲ್ಲಿ ಹೋಗುತ್ತದೆಂದು ಅವಳು ಕೇಳಿದಳು. ಅವರು ಮುಚ್ಚುಮರೆಯಿಲ್ಲದೆ ಹಿತ್ತಲಿಗೆ ಕರೆದೊಯ್ದರು. ಹಳ್ಳದ ದಂಡೆಯಲ್ಲಿ ಕಪ್ಪು ಹೊಗೆ ಏಳುತ್ತಿತ್ತು. ಪಕ್ಕದ ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರವಿತ್ತು. "ಕುಡಿಯಾಕ ಢಾಬಾದಿಂದ ತರತೇವಿ" ಎಂದರು, ಅದೂ ಒಂದು ಅನುಕೂಲವೆಂಬಂತೆ.

ಅವಳು ಕಣ್ಣೊರೆಸಿಕೊಂಡು, ತನ್ನ ಊರಿನವರಿಗೆ ತೋರಿಸುತ್ತೇನೆಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಸಾಹುಕಾರರಿಗೆ ಕನಿಕರ ಬಂತು. "ಪಾಪ, ಊರಿನ ನೆನಪಾಗೇತಿ" ಎಂದು ಒಳಗೆ ಹೋಗಿ, ಅದೇ ಗುರುತಿನ ಡಬ್ಬಿಗಳನ್ನು ಆರಿಸಿ ಒಂದು ಗೋಣಿಚೀಲ ತುಂಬಿ ತಂದರು.

"ಒಂದರಿಂದ ಏನಾಗತೈತ್ರಿ ಅಕ್ಕೋರೆ? ಇವನ್ನೂ ಒಯ್ಯಾಕ ಹೇಳ್ರಿ."