‘ಬೇ’ ಆದ ಮೇಲಿನ ಅಕ್ಷರ

ಬಸ್ ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಸೀಟಣ್ಣ ಅಂತಲೇ ಕರೆಯುತ್ತಿದ್ದರು. ಹರಿದ ಸೀಟಿನ ರೆಕ್ಸಿನ್ ಕಿತ್ತು, ಕುಸಿದ ಫೋಮ್ ತೆಗೆದು, ಹೊಸದು ತುಂಬಿ ಹೊಲಿಯುವುದು ಅವನ ಕೆಲಸ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. “ನಿನ್ನ ಹತ್ರ ಮಾತಾಡೋದು ಸುಲಭ ಕಣಣ್ಣ, ಅರ್ಧ ನೀನೇ ಆಡ್ಬಿಡ್ತೀಯ” ಅಂತ ಮೆಕ್ಯಾನಿಕ್‌ಗಳು ಕಾಲೆಳೆಯುತ್ತಿದ್ದರು.

ಅವನ ಅಸಲಿ ಕಸುಬು ನೋಡಬೇಕಿದ್ದರೆ ಮನೆಗೇ ಹೋಗಬೇಕು. ಹದಿನೆಂಟು ತುಂಬಿದರೂ ಪಾಪು ಅಂತಲೇ ಕರೆಸಿಕೊಳ್ಳುವ ಮಗಳ ಗಾಲಿಕುರ್ಚಿಯಲ್ಲಿ ಅದಿತ್ತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಅವಳಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಸೆಟೆದುಕೊಂಡು ಅವಳು ನರಳುವುದನ್ನು ನೋಡಲಾರದೆ, ಕೆಲವು ವರ್ಷಗಳ ಹಿಂದೆ ಹೊಟ್ಟೆಯ ಚರ್ಮದಡಿ ಒಂದು ಪುಟ್ಟ ಪಂಪು ಕೂರಿಸಿದ್ದರು. ಅದರಿಂದ ಹೊರಟ ಸಣ್ಣ ನಳಿಗೆ ಬೆನ್ನುಹುರಿಯ ಹತ್ತಿರಕ್ಕೆ ಔಷಧವನ್ನು ಇಷ್ಟಿಷ್ಟೇ ಮುಟ್ಟಿಸುತ್ತಿತ್ತು. ಪಂಪು ಬಂದ ಮೇಲೆ ಮನೆಯವರೆಲ್ಲ ನಿದ್ದೆಯ ಮುಖ ಕಂಡರು.

ಬೆನ್ನುಮೂಳೆ ಮಾತ್ರ ಯಾರ ಮಾತನ್ನೂ ಕೇಳದೆ ವರ್ಷ ವರ್ಷವೂ ಪಕ್ಕಕ್ಕೆ ಬಾಗುತ್ತ ಹೋಯಿತು. ಸೀಟಣ್ಣನೂ ಬಿಡಲಿಲ್ಲ. ಅದು ಬಾಗಿದ ಕಡೆ ಫೋಮ್ ಕೆತ್ತಿ, ಪಕ್ಕೆಗೆ ಆಸರೆ ಕೊಟ್ಟು, ಮೈಗೆ ಒತ್ತದ ಹಾಗೆ ಹೊಲಿಗೆ ಮರೆಮಾಡಿ, ಹಟಕ್ಕೆ ಬಿದ್ದವನಂತೆ ಸೀಟು ಬದಲಿಸುತ್ತ ಬಂದ. ತನ್ನ ಕೈ ನಡೆಯುವ ತನಕ ಮಗಳು ನೆಟ್ಟಗೆ ಕೂರುತ್ತಾಳೆ ಎಂಬ ಜಂಬ ಅವನಿಗೆ. ಜಂಬಪಡುವಂಥ ಕೆಲಸವೇ ಅದು, ಸುಳ್ಳೇಕೆ ಹೇಳಬೇಕು.

ಈ ವರ್ಷ ಸೀಟು ಸೋತಿತು. ಎಷ್ಟು ಕೆತ್ತಿದರೂ ಪಕ್ಕೆಲುಬು ಹೋಗಿ ಸೊಂಟದ ಮೂಳೆಗೆ ತಾಗುತ್ತಿತ್ತು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಪಾಪುವಿಗೆ ಏದುಸಿರು. ಗಂಡ ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮೂಳೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: “ರಾಡು, ಸ್ಕ್ರೂ ಹಾಕಿ ಬೆನ್ನನ್ನ ಆದಷ್ಟು ನೇರ ಮಾಡಿ ನಿಲ್ಲಿಸಬಹುದು. ಶ್ವಾಸಕೋಶಕ್ಕೆ ಜಾಗ ಸಿಗುತ್ತೆ. ಆದ್ರೆ ಮುಚ್ಚುಮರೆ ಮಾಡಲ್ಲ, ಇಂಥ ಮಕ್ಕಳಿಗೆ ಇದು ದೊಡ್ಡ ಆಪರೇಷನ್. ಪಂಪಿನ ನಳಿಗೆ ನಾವು ಕೆಲಸ ಮಾಡೋ ದಾರೀಲೇ ಇದೆ. ಅದಕ್ಕೆ ಪೆಟ್ಟಾಗಬಹುದು, ಬೆನ್ನುಹುರಿ ಸುತ್ತ ಇರೋ ನೀರು ಸೋರಬಹುದು. ಸೋಂಕು ತಗುಲಿ ಪಂಪಿಗೂ ಹರಡಿದ್ರೆ ಅದನ್ನ ತೆಗೆಯಬೇಕಾಗುತ್ತೆ. ಔಷಧ ದಿಢೀರಂತ ನಿಂತ್ರೆ ಮೈ ಸೆಟೆದು, ಜ್ವರ ಏರಿ, ಜೀವಕ್ಕೇ ಸಂಚಕಾರ.”

ಸೀಟಣ್ಣ ಮಗಳ ಕುರ್ಚಿಯ ಹಿಡಿಕೆ ಹಿಡಿದುಕೊಂಡ. “ಅರ್ಥ ಆಯ್ತು ಡಾಕ್ಟ್ರೇ. ನಾನು ಇನ್ನೊಂದು ಸೀಟು ಮಾಡ್ತೀನಿ.”

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಪಾಪುವಿನ ಎದುರಿಗೆ ಕೂತರು. “ನೀನೂ ಕೇಳಿಸ್ಕೊಂಡೆ ತಾನೇ? ನಿನಗೆ ಬೇಕಾ, ಬೇಡ್ವಾ?”

“ಬೇ…”

“ನೋಡಿ, ಬೇಡ ಅಂತಾಳೆ” ಅಂದ ಸೀಟಣ್ಣ.

ಪಾಪುವಿಗೆ ಎಲ್ಲ ಗೊತ್ತಾಗುತ್ತದೆ, ನಾಲಿಗೆ ಮಾತ್ರ ತಡ. ಬೇಕು, ಬೇಡ ಎರಡೂ ಒಂದೇ ಅಕ್ಷರದಿಂದ ಶುರುವಾಗುವ ಭಾಷೆ ಅವಳ ಪಾಲಿಗೆ ಬಂದಿತ್ತು, ಗ್ರಹಚಾರ. ಎರಡನೇ ಅಕ್ಷರ ಹೊರಡುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಸೌಟು ಬಿದ್ದಿರುತ್ತಿತ್ತು, ಇಲ್ಲವೇ ಟೀವಿ ಆರಿರುತ್ತಿತ್ತು. ಆ ಅಕ್ಷರವನ್ನು ಯಾವಾಗಲೂ ಅಪ್ಪನೇ ತುಂಬಿಕೊಡುತ್ತಿದ್ದ. ಎಷ್ಟೋ ಸಲ ಅದು ಸರಿಯಾಗೂ ಇರುತ್ತಿತ್ತು. ಪ್ರೀತಿಯಿಂದಲೇ ಮಾಡುತ್ತಿದ್ದ ಪುಣ್ಯಾತ್ಮ, ಅದಕ್ಕೇ ಯಾರೂ ತಡೆದಿರಲಿಲ್ಲ.

“ಒಂಚೂರು ಸುಮ್ನಿರ್ರೀ” ಅಂದಳು ಹೆಂಡತಿ. “ಅವಳದಿನ್ನೂ ಮುಗಿದಿಲ್ಲ.”

ಪಾಪುವಿನ ಕತ್ತಿನ ನರ ಉಬ್ಬಿತು. ಕಾಲು ಕುರ್ಚಿಯ ಪಟ್ಟಿಗೆ ಪಟಪಟ ಬಡಿಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಹೊರಗೆ ಯಾರದೋ ಹೆಸರು ಕೂಗಿದರು. ಒಳಗೆ ಯಾರೂ ಅಲುಗಲಿಲ್ಲ.

“…ಕು.”

ಸೀಟಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಪಾಪು, ಪಂಪು ತೆಗೀಬೇಕಾಗಬಹುದಂತೆ ಕಣೇ. ಜೀವಕ್ಕೇ…” ಅವಳ ಕೈ ಹಿಡಿದುಕೊಂಡ. “ನಿನಗೆ ಭಯ ಆಗಲ್ವಾ?”

ಅವಳು ಬಾಯಿ ತೆರೆದಳು. ಅವಳ ಪರವಾಗಿ ಹೇಳಬಹುದಾದ ಉತ್ತರಗಳೆಲ್ಲ ಅವನ ನಾಲಿಗೆ ತುದಿಗೆ ಬಂದವು. ತುಟಿ ಕಚ್ಚಿಕೊಂಡ. ಹಿಂದೆಂದಾದರೂ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಅವನಿಗೆ ನೆನಪಿರಲಿಲ್ಲ.

“ಭಯ… ಇದೆ… ಅಪ್ಪಾ.” ಎದೆ ಮೇಲೆ ಕೆಳಗೆ ಆಗುತ್ತಿತ್ತು. ಸುಧಾರಿಸಿಕೊಂಡಳು. “ಉಸಿರು… ಸಾಲಲ್ಲ.”

ತಾನು ಕೆತ್ತಿದ ಸೀಟಿನಲ್ಲಿ ಅವಳಿಗೆ ಉಸಿರು ಸಾಲುತ್ತಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಅವಳ ಬಾಯಿಂದ ಕೇಳಿದ್ದು ಈಗ. ಅವನಿಗೆ ಅಳು ಬಂತು, ಅತ್ತ.

ಡಾಕ್ಟರಮ್ಮ ಪೆನ್ನು ತೆಗೆದುಕೊಂಡು ಅವನನ್ನು ಕೇಳಿದರು. “ನೀವು ಬೇಡ ಅಂದ್ರಿ. ಈಗ ಏನಂತ ಬರ್ಕೊಳ್ಳಲಿ?”

ಸೀಟಣ್ಣ ತೋಳಿನಿಂದ ಮುಖ ಒರೆಸಿಕೊಂಡ.

“ಬೇಡ ಅನ್ನೋದು ನನ್ನ ಮಾತು ಡಾಕ್ಟ್ರೇ, ಅದು ಈಗಲೂ ಹಂಗೇ ಇದೆ” ಅಂದ. “ನೀವು ಅವಳದ್ದು ಬರ್ಕೊಳ್ಳಿ.”