ಕಾಣದ ಕಣ್ಣಿಗೆ ಬಣ್ಣ

ನನ್ನದು ಕೃತಕ ಕಣ್ಣು ಮಾಡುವ ಕೆಲಸ. ಹೈದರಾಬಾದಿನ ಕಣ್ಣಾಸ್ಪತ್ರೆಯೊಂದರ ಹಿಂಭಾಗದ ಕೋಣೆಯಲ್ಲಿ ಕೂತು, ಕಣ್ಣು ಕಳೆದುಕೊಂಡವರ ಗುಳಿಯ ಅಚ್ಚು ತೆಗೆದು, ಅದಕ್ಕೆ ಹೊಂದುವ ಬಿಳಿ ಪ್ಲಾಸ್ಟಿಕ್ ಚಿಪ್ಪು ಮಾಡುತ್ತೇನೆ. ಅವರ ಇನ್ನೊಂದು ಕಣ್ಣನ್ನು ನೋಡಿ ನೋಡಿ ಬಣ್ಣ ಹಚ್ಚುತ್ತೇನೆ. ರಕ್ತನಾಳ ಕಾಣಲೆಂದು ಕೆಂಪು ರೇಷ್ಮೆಯ ಎಳೆ ಅಂಟಿಸುತ್ತೇನೆ. ಇಡೀ ದಿನ ಜನರ ಕಣ್ಣಲ್ಲಿ ಕಣ್ಣಿಟ್ಟು ಕೂರುವ ನಾನು ಸಂಜೆ ತಾರ್ನಾಕದ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ, ಮರುದಿನದವರೆಗೆ ನನ್ನನ್ನು ನೋಡುವವರು ಯಾರೂ ಇರುವುದಿಲ್ಲ.

ಬೀದರಿನ ಕ್ರೈಸ್ತ ಮನೆತನ ನಮ್ಮದು. ಅವ್ವ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೆಲಸಕ್ಕೆ ಕೈ ಹಚ್ಚುವ ಮೊದಲು ಕಣ್ಣು ಮುಚ್ಚಿ, "ಯೇಸಪ್ಪಾ, ಈ ಚಾದರ ನಿನಗ ಹೊಚ್ಚೂದೈತಿ ಅಂತ ತಿಳಕೊಂಡು ಒಗೀತೀನಿ" ಎನ್ನುತ್ತಿದ್ದಳು. ನನಗೆ ಗೊತ್ತಿರುವ ಧರ್ಮವೆಲ್ಲ ಹೆಚ್ಚುಕಡಿಮೆ ಅಷ್ಟೇ. ಅವ್ವ ಹೋದಳು, ನನಗೆ ಮದುವೆ ಕೂಡಿಬರಲಿಲ್ಲ. ಭಾನುವಾರ ಇಲ್ಲಿನ ಚರ್ಚಿನಲ್ಲಿ ಎಲ್ಲರ ಜೊತೆ ತೆಲುಗಿನಲ್ಲಿ ಹಾಡುತ್ತೇನೆ. ಪ್ರಾರ್ಥನೆ ಮಾತ್ರ ಕನ್ನಡದಲ್ಲೇ ಬರುತ್ತದೆ. ಅದನ್ನು ದೇವರೊಬ್ಬನೇ ಕೇಳಬೇಕು.

ಹೋದ ವರ್ಷ ಚಳಿಗಾಲದಲ್ಲಿ ಒಬ್ಬ ಹಿರಿಯ ಹೆಂಗಸು, ನೋಡಿಕೊಳ್ಳಲೆಂದು ಕಲಬುರಗಿಯಿಂದ ಬಂದಿದ್ದ ತಂಗಿಯ ಭುಜ ಹಿಡಿದು ಬಂದರು. ಕಣ್ಣಿನ ಒತ್ತಡದ ಕಾಯಿಲೆಯಿಂದ ಎರಡೂ ಕಣ್ಣು ತೆಗೆಸಬೇಕಾಗಿ ಬಂದಿತ್ತು. ಬಾಲಾನಗರದ ಕಾರ್ಖಾನೆಯಲ್ಲಿದ್ದ ಗಂಡ ತೀರಿಹೋಗಿದ್ದರು. ಕೂತುಕೊಳ್ಳಿ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವರು ತಂಗಿಗೆ, "ಕುರ್ಚಿ ಎಲ್ಲೈತಿ, ಕೈ ಹಚ್ಚಿ ತೋರಸು" ಎಂದರು.

"ನಿಮ್ಮ ಬಲಕ್ಕ ಐತ್ರಿ, ಅಕ್ಕಾರ" ಎಂದೆ.

"ಅಯ್ಯ, ನಮ್ಮಾಕಿನ ಸಿಕ್ಕಳಲ್ಲ!" ಎಂದು ಜೋರಾಗಿ ನಕ್ಕರು. ಅಚ್ಚು ತೆಗೆಯುವಷ್ಟು ಹೊತ್ತೂ ಮಾತು ನಿಲ್ಲಲಿಲ್ಲ. ಬಾಯಿತುಂಬ ಕನ್ನಡ ಮಾತಾಡಿ ನನಗೆ ಎಷ್ಟೋ ಕಾಲವಾಗಿತ್ತು.

ಮೊಗಸಾಲೆಯಲ್ಲಿ ನನ್ನ ಸಹೋದ್ಯೋಗಿ ತೆಲುಗಿನಲ್ಲಿ ಹೇಳಿದ: "ಕನ್ನಡಿ ನೋಡಿಕೊಳ್ಳಲಾಗದವರಿಗೆ ತಯಾರಿರುವ ಕಣ್ಣು ಹಾಕಿ ಕಳಿಸಿದರಾಯಿತು. ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ, ನೋಡು." ಅವನು ಕೆಟ್ಟವನಲ್ಲ. ಜನ ಕಾಯುತ್ತಿದ್ದುದೂ ನಿಜ.

ನಾನು ಒಳಗೆ ಬಂದಾಗ ಆ ಅಕ್ಕ ಹೇಳಿದರು: "ಅವರು ಅಂದದ್ದು ಕೇಳಿಸ್ತು, ತಂಗಿ. ಖರೇನ ಐತಿ. ಆದ್ರ ಕರೇ ಚಸ್ಮಾ ಹಾಕ್ಕೊಂಡು ಕುಂತ್ರ ಮಂದಿ ನನ್ನ ಜೋಡಿ ಮಾತಾಡೂದಿಲ್ಲ. ನನಗ ಹಸಿವಿ ಆಗೇತೇನು ಅಂತ ನನ್ನ ತಂಗಿನ್ನ ಕೇಳ್ತಾರ."

ಚೆನ್ನಾಗಿಯೇ ಮಾಡಬೇಕೆಂದು ಆಗಲೇ ತೀರ್ಮಾನಿಸಿದೆ. ಆದರೆ ನೋಡಿ ಬಣ್ಣ ಹಚ್ಚಲು ಇನ್ನೊಂದು ಕಣ್ಣೇ ಇರಲಿಲ್ಲ. ಅವರ ಮನೆಯಲ್ಲಿದ್ದ ಫೋಟೋಗಳು ಮಾಸಿದ್ದವು. ತಂಗಿಯ ಕಣ್ಣು ನೋಡಿ ಶುರುಮಾಡಿದೆ. ತಂಗಿ ಅದನ್ನು ಕೈಯಲ್ಲಿ ಹಿಡಿದು, "ಇದು ನನ್ನಂಗಾತು. ಆಕಿವು ಜೇನಿನ ಬಣ್ಣ ಇದ್ದುವು, ಸುತ್ತಲೂ ಕರೇ ಗೆರಿ" ಎಂದರು. ಅಳಿಸಿ ಮತ್ತೆ ಬರೆದೆ. ಈ ಸಲ ಬಣ್ಣ ಸರಿಹೋಯಿತು, ಆದರೆ ಕಣ್ಣು ಗೊಂಬೆಯದಂತೆ ಚಪ್ಪಟೆಯಾಗಿತ್ತು. ಕಣ್ಣಿನ ಬಿಳಿಭಾಗದಲ್ಲಿ ವಯಸ್ಸಿಗೆ ತಕ್ಕಷ್ಟು ಹಳದಿ ಇರಬೇಕಿತ್ತು. ಪುನಃ ಮಾಡಿದೆ. ಪ್ರತಿ ಸಲವೂ ಅವರು ಶೇಂಗಾ ಚಟ್ನಿ, ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಮೂವರೂ ಕೂತು ತಿನ್ನುತ್ತಿದ್ದೆವು. ಅವರು ಬರುವ ದಿನ ನಾನು ಬೇಗ ಎದ್ದು ಒಳ್ಳೆಯ ಸೀರೆ ಉಟ್ಟುಕೊಳ್ಳುತ್ತಿದ್ದೆ.

ಆಮೇಲೆ ಮಾಡಿದ ಜೋಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೇ ತಿಳಿಯಿತು, ಇದು ಮುಗಿಯಿತು. ಅದರಲ್ಲಿ ಇನ್ನೇನೂ ಕೊರತೆ ಇರಲಿಲ್ಲ. ಆದರೂ ಎಡಗಣ್ಣಿನ ಅಂಚನ್ನು ಇನ್ನೊಮ್ಮೆ ತೀಡಬೇಕೆಂದು ಕೈ ತುಡಿಯುತ್ತಿತ್ತು. ಮುಂದಿನ ವಾರ ಬನ್ನಿ ಎಂದರೆ ಅವರು ಬರುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಕುಂಚ ಎತ್ತಿಕೊಂಡೆ. ಇಷ್ಟರವರೆಗೆ ತಿದ್ದಿದ್ದು ದೇವರ ಮುಂದೆ ಇಡಲೆಂದು. ಇನ್ನು ತಿದ್ದಿದರೆ ಅದು ನನ್ನ ಕೋಣೆಯ ಮೌನಕ್ಕೆ ಹೆದರಿ. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಒಳಗಿನದು ನನಗೂ ಅವನಿಗೂ ಮಾತ್ರ ಗೊತ್ತು. ಕುಂಚ ತೊಳೆದಿಟ್ಟೆ.

ಅಂದು ಕಣ್ಣು ಕೂರಿಸಿದಾಗ ತಂಗಿ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ, "ಹಂಗ ನೋಡಬ್ಯಾಡ ನನ್ನ. ಸಿಟ್ಟಿಗೆದ್ದಾಗ ಥೇಟ್ ಹಿಂಗ ನೋಡ್ತಿದ್ದಿ" ಎಂದರು.

"ಮತ್ತೇನು, ಬೈಸ್ಕೊಳ್ಳೂ ಕೆಲಸ ಮಾಡ್ತಿದ್ದಿ" ಎಂದರು ಅಕ್ಕ. ಇಬ್ಬರೂ ನಕ್ಕು, ಹಾಗೇ ಅತ್ತರು. ನಾನು ಬಾಗಿಲ ತನಕ ಹೋಗಿ ಆಟೋ ಹತ್ತಿಸಿ ಬಂದೆ.

ಕಣ್ಣು ಒತ್ತಿದರೆ, ಚುಚ್ಚಿದರೆ ಜನ ವಾಪಸು ಬರುತ್ತಾರೆ. ಅವರು ಬರಲಿಲ್ಲ. ಕಲಬುರಗಿಗೆ, ತಂಗಿಯ ಮನೆಗೆ ಹೋಗಿಬಿಟ್ಟರು. ಒಂದು ಸಂಜೆ ಫೋನು ಬಂತು.

"ತಂಗಿ, ಆರಾಮ ಇದ್ದಿ? ಇಲ್ಲಿ ಮಂದಿ ಭಾಳ ಮಾತಾಡಸ್ತಾರವ್ವಾ. ಒಬ್ಬರು ಹೋದ್ರ ಇನ್ನೊಬ್ಬರು. ಸಾಕಾಗಿ ಹೋಗೇತಿ ನನಗ!"

"ಛಲೋ ಆತ್ರಿ, ಅಕ್ಕಾರ" ಎಂದೆ. ಹಿಂದೆ ಯಾರೋ ಅವರನ್ನು ಕರೆಯುತ್ತಿದ್ದರು. "ಬಂದೆ, ಬಂದೆ" ಎನ್ನುತ್ತ ಫೋನು ಇಟ್ಟರು.

ನಾನು ಎದ್ದು ದೀಪ ಹಾಕಿ, ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದೆ.